ಹೊರನಾಡಿನಲ್ಲಿ ಮುಪ್ಪು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ ಒಂದನೆಯ ತಾರೀಖು ನಮಗೂ ಹಬ್ಬ, ನಮಗೆ ಅನ್ನವಿತ್ತ ಈ ನಾಡಿಗೂ ಹಬ್ಬ. 1956ರ ಅದೇ ದಿನ ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾದವು. ಕೇರಳವೂ ಅಂದೇ ಹುಟ್ಟಿತು. ಇಂಥ ದಿನ ನಾಡುನುಡಿಯ ಮಾತನ್ನು ಬಿಟ್ಟು ನಿವೃತ್ತಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ನಾಡುನುಡಿಯ ಬಗ್ಗೆ ಹೇಳಲು ಈ ವೇದಿಕೆಯ ಮೇಲೆ ನಮಗಿಂತ ಬಲ್ಲವರು ಇದ್ದಾರೆ. ಆದರೆ ಎದುರಿಗಿರುವ ಮೊದಲ ನಾಲ್ಕು ಸಾಲುಗಳಲ್ಲಿ ನರೆತ ತಲೆಗಳೇ ಹೆಚ್ಚಾಗಿ ಕಾಣುತ್ತಿವೆ. ಆದಕಾರಣ ಈ ವಿಷಯವನ್ನೇ ಆರಿಸಿಕೊಂಡೆವು.

ಕೊಚ್ಚಿಗೂ ತಿರುವನಂತಪುರಕ್ಕೂ ನಾವು ಬಂದ ದಾರಿ ಹಲವು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳ ವರ್ಗಾವಣೆಯ ಕಾಗದ ಹಿಡಿದು ಬಂದವರು ಕೆಲವರು. ಹೋಟೆಲು ನಡೆಸಲು ಉಡುಪಿಯ ಕಡೆಯಿಂದ ಬಂದವರು ಕೆಲವರು. ನೌಕಾಪಡೆ, ಹಡಗುಕಟ್ಟೆ, ತುಂಬಾದ ಬಾಹ್ಯಾಕಾಶ ಕೇಂದ್ರ, ಈಚೆಗೆ ಟೆಕ್ನೋಪಾರ್ಕು, ಇನ್ಫೋಪಾರ್ಕು ಎಂದು ಬಂದವರು ಕೆಲವರು. ಮೂರು ವರ್ಷಕ್ಕೆಂದು ಬಂದವರು ಮೂವತ್ತು ವರ್ಷ ನಿಂತುಬಿಟ್ಟೆವು. ಅಷ್ಟು ವರ್ಷವೂ ನಮ್ಮೆಲ್ಲರ ಬಾಯಲ್ಲಿ ಇದ್ದದ್ದು ಒಂದೇ ಮಾತು: “ರಿಟೈರಾದ ಮೇಲೆ ಊರಿಗೆ ಹೋಗುವುದೇ ಸರಿ.”

ಈ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಬೇಕು. ಊರು ಎಂದರೆ ಯಾವುದು? ಅಣ್ಣತಮ್ಮಂದಿರು ಬೆಂಗಳೂರು ಸೇರಿ, ತೋಟವನ್ನು ಗೇಣಿಗೆ ಕೊಟ್ಟು, ಮನೆಗೆ ಬೀಗ ಹಾಕಿರುವ ಊರೆ? ನಮ್ಮ ಬಾಲ್ಯದ ಊರು ಅಲ್ಲಿ ಉಳಿದಿಲ್ಲ. ಉಳಿದಿದ್ದರೂ ಎಪ್ಪತ್ತರ ವಯಸ್ಸಿನಲ್ಲಿ ರಾತ್ರಿ ಎದೆನೋವು ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಎಷ್ಟು ಗಂಟೆಯ ದಾರಿ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಇಲ್ಲಿಯಾದರೆ ತಿರುವನಂತಪುರದಲ್ಲಿ ಶ್ರೀ ಚಿತ್ರಾ ಸಂಸ್ಥೆ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ, ಕೊಚ್ಚಿಯಲ್ಲಿ ದೊಡ್ಡ ಆಸ್ಪತ್ರೆಗಳು ಊರೊಳಗೇ ಇವೆ. ಇನ್ನೊಂದು ಸಂಗತಿ ನಮ್ಮವರಲ್ಲಿ ಅನೇಕರ ಗಮನಕ್ಕೆ ಬಂದಿಲ್ಲ. ಹಾಸಿಗೆ ಹಿಡಿದ ರೋಗಿಯನ್ನು ಮನೆಯಲ್ಲೇ ನೋಡಿಕೊಳ್ಳುವ ಪಾಲಿಯೇಟಿವ್ ಶುಶ್ರೂಷೆಯಲ್ಲಿ ಕೇರಳ ದೇಶಕ್ಕೇ ಮೇಲ್ಪಂಕ್ತಿ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಮೊದಲಾದ ಈ ಕೆಲಸಕ್ಕೆ 2008ರಲ್ಲಿ ಸರ್ಕಾರವೇ ಒಂದು ನೀತಿಯನ್ನು ರೂಪಿಸಿತು. ಪಂಚಾಯತಿ, ನಗರಸಭೆಗಳ ದಾದಿಯರು ಮನೆಗೇ ಬರುತ್ತಾರೆ. ಡಾ. ಎಂ. ಆರ್. ರಾಜಗೋಪಾಲರು 2003ರಲ್ಲಿ ಕಟ್ಟಿದ ಪಾಲಿಯಂ ಇಂಡಿಯಾ ಇರುವುದೂ ತಿರುವನಂತಪುರದಲ್ಲೇ.

ಹಾಗೆಂದು ಊರಿಗೆ ಹೋಗಲೇಬೇಡಿರೆಂದು ನಾವು ಹೇಳುವುದಿಲ್ಲ. ಇಲ್ಲಿಯ ಮನೆಯನ್ನು ಮಾರುವುದಕ್ಕೆ ಮೊದಲು ಅಲ್ಲಿ ಒಂದು ವರ್ಷ, ಮಳೆಗಾಲವೂ ಸೇರಿದಂತೆ, ಬಾಡಿಗೆಗಾದರೂ ಇದ್ದು ನೋಡಿರಿ ಎನ್ನುತ್ತೇವೆ. ಅಲ್ಲಿಗೂ ಇಲ್ಲಿಗೂ ಓಡಾಡಿಕೊಂಡಿರುತ್ತೇವೆ ಎನ್ನುವವರಿಗೆ ಒಂದು ಮಾತು: ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚಿಯಲ್ಲಿ ನಿಂತುಹೋಯಿತು.

ಇನ್ನು ದುಡ್ಡಿನ ವಿಚಾರ. ನಮ್ಮೊಳಗೇ ಮೂರು ವರ್ಗದವರಿದ್ದಾರೆ. ಒಬ್ಬರಿಗೆ ಹೇಳಿದ ಬುದ್ಧಿ ಇನ್ನೊಬ್ಬರಿಗೆ ಹೊಂದದು. ಬ್ಯಾಂಕಿನ ಹಳಬರಿಗೆ 1995ರ ನಿಯಮಾವಳಿಯ ಪಿಂಚಣಿ ಉಂಟು. ಆದರೆ ಕೇಂದ್ರ ಸರ್ಕಾರದಲ್ಲಿ 2004ರ ಜನವರಿಯಿಂದೀಚೆಗೆ, ಬ್ಯಾಂಕುಗಳಲ್ಲಿ 2010ರ ಏಪ್ರಿಲ್‌ನಿಂದೀಚೆಗೆ, ಕೇರಳ ಸರ್ಕಾರದಲ್ಲಿ 2013ರ ಏಪ್ರಿಲ್‌ನಿಂದೀಚೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಬಂದರು. ಅಪ್ಪನಿಗೆ ತಿಂಗಳ ಕೊನೆಗೆ ತಾನಾಗಿ ಬಂದು ಬೀಳುತ್ತಿದ್ದ ಹಣ ಮಗನಿಗೆ ಅದೇ ರೀತಿ ಬಾರದು. ಖಾಸಗಿ ಕಂಪೆನಿಗಳಲ್ಲಿ ದುಡಿಯುವ ಮಕ್ಕಳಿಗೆ ಭವಿಷ್ಯನಿಧಿಯೊಂದಿಗೆ ಬರುವ ಪಿಂಚಣಿಯಂತೂ, 2014ರಲ್ಲಿ ಗೊತ್ತುಮಾಡಿದ 15,000 ರೂಪಾಯಿಯ ವೇತನ ಮಿತಿಯ ಲೆಕ್ಕದಲ್ಲಿ, ಮೂವತ್ತು ವರ್ಷ ದುಡಿದರೂ ತಿಂಗಳಿಗೆ 7 ಸಾವಿರದ ಆಸುಪಾಸು. ಕೆಲಸ ಬದಲಾಯಿಸಿದಾಗಲೆಲ್ಲ ಭವಿಷ್ಯನಿಧಿಯನ್ನು ತೆಗೆದು ಕಾರು ಕೊಳ್ಳುವ ತರುಣರಿಗೆ ಈ ಅಂಕಿಯನ್ನು ತೋರಿಸಬೇಕು.

ಮೂರನೆಯವರು ಹೋಟೆಲು, ಅಂಗಡಿ ನಡೆಸುವ ನಮ್ಮ ಬಂಧುಗಳು. ಇವರ ಬಗ್ಗೆಯೇ ನಮಗೆ ಹೆಚ್ಚಿನ ಚಿಂತೆ. ಹತ್ತು ಮಂದಿಗೆ ಅನ್ನ ಹಾಕುವವರು, ಆದರೆ ಇವರಿಗೆ ಪಿಂಚಣಿ ಕೊಡುವವರಿಲ್ಲ. ಬಂದ ಲಾಭವೆಲ್ಲ ಮತ್ತೆ ಹೋಟೆಲಿಗೇ ಹೋಗುತ್ತದೆ. ಮಗ ಎಂಜಿನಿಯರಾಗಿ ಗಲ್ಲಾಪೆಟ್ಟಿಗೆಯ ಹತ್ತಿರ ಸುಳಿಯುವುದಿಲ್ಲ. ಅರುವತ್ತೈದರಲ್ಲಿ ಮಂಡಿನೋವು ಬಂದಾಗ ಹೋಟೆಲನ್ನು ಬಂದ ಬೆಲೆಗೆ ಕೊಡಬೇಕಾಗುತ್ತದೆ. ಇಂಥವರು ನಾಲ್ವತ್ತರಲ್ಲೇ ಸಾರ್ವಜನಿಕ ಭವಿಷ್ಯನಿಧಿಯ ಖಾತೆಯನ್ನೂ ರಾಷ್ಟ್ರೀಯ ಪಿಂಚಣಿ ಖಾತೆಯನ್ನೂ ತೆರೆಯತಕ್ಕದ್ದು. ಎರಡನೆಯದು 2009ರಿಂದ ಸಾಮಾನ್ಯರಿಗೂ ತೆರೆದಿದೆ. ವ್ಯಾಪಾರದ ಹಣ ಬೇರೆ, ಮುಪ್ಪಿನ ಹಣ ಬೇರೆ ಎಂದು ಎರಡು ಡಬ್ಬಿ ಇಡದಿದ್ದರೆ ಎರಡೂ ಒಂದೇ ದಿನ ಬರಿದಾಗುವುದುಂಟು.

ಇಡಿಗಂಟು ಕೈಗೆ ಬಂದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಒಳ್ಳೆಯ ಆಧಾರ. 2023ರ ಏಪ್ರಿಲ್‌ನಲ್ಲಿ ಇದರ ಮಿತಿಯನ್ನು 30 ಲಕ್ಷಕ್ಕೆ ಏರಿಸಿದರು. ಆಗ ಗೊತ್ತಾದ ಶೇಕಡ 8.2ರ ಬಡ್ಡಿಯಲ್ಲಿ ಪೂರ್ತಿ ಹಣವನ್ನು ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಇಷ್ಟರಿಂದಲೇ ನಿಶ್ಚಿಂತೆಯೆ? ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಇಮ್ಮಡಿಯಾಗುತ್ತವೆ. ಅರುವತ್ತರಲ್ಲಿ ತಿಂಗಳಿಗೆ 40 ಸಾವಿರದಲ್ಲಿ ಸಾಗುವ ಸಂಸಾರಕ್ಕೆ ಎಪ್ಪತ್ತೆರಡರಲ್ಲಿ 80 ಸಾವಿರವೂ ಎಂಬತ್ತನಾಲ್ಕರಲ್ಲಿ 1 ಲಕ್ಷ 60 ಸಾವಿರವೂ ಬೇಕು. ಆದ್ದರಿಂದ ಬಂದ ಬಡ್ಡಿಯನ್ನೆಲ್ಲ ಮೊದಲ ವರ್ಷದಿಂದಲೇ ಖರ್ಚು ಮಾಡಬಾರದು.

ಬ್ಯಾಂಕಿನವರ ಮನೆಗಳಲ್ಲಿ ಇನ್ನೊಂದು ತೊಡಕು. ನಾವು ಹೆಮ್ಮೆಯಿಂದ ನಮ್ಮವೆನ್ನುತ್ತಿದ್ದ ಬ್ಯಾಂಕುಗಳ ಹೆಸರೇ ಅಳಿಸಿಹೋದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿದವು. ಕಪಾಟಿನ ತಳದಲ್ಲಿರುವ ಹಳೆಯ ಪಾಸ್‌ಪುಸ್ತಕಗಳನ್ನೂ ಠೇವಣಿ ರಸೀದಿಗಳನ್ನೂ ಹೊರತೆಗೆದು ಈಗಿನ ಶಾಖೆಗೆ ಒಯ್ದು ತೋರಿಸಿರಿ. ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದನ್ನು ಹುಡುಕಲು 2023ರಿಂದ ಉದ್ಗಮ್ ಎಂಬ ಸೌಲಭ್ಯ ಉಂಟು. ಮರಳಿ ಪಡೆಯುವ ಹಕ್ಕೂ ಉಂಟು.

ಸೋದರಿಯರಿಗೆ ಪ್ರತ್ಯೇಕವಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಹಣದ ಕಾಗದಗಳು ಯಜಮಾನರ ಗೋದ್ರೆಜ್ ಬೀರುವಿನಲ್ಲಿ. ಬೀಗದ ಕೈ ಎಲ್ಲಿದೆಯೆಂಬುದು ಅವರಿಗೊಬ್ಬರಿಗೇ ಗೊತ್ತು. ಗಂಡನಿಗಿಂತ ವಯಸ್ಸಿನಲ್ಲಿ ಕಿರಿಯಳಾದ ಹೆಂಡತಿ ಅವನ ನಂತರ ಎಷ್ಟೋ ವರ್ಷ ಬದುಕಬೇಕಾಗುವುದು ಸಾಮಾನ್ಯ; ಆಗ ಕುಟುಂಬ ಪಿಂಚಣಿ ಪೂರ್ತಿಯದಲ್ಲ, ಬ್ಯಾಂಕಿನವರಿಗೆ ಶೇಕಡ 30ರ ಲೆಕ್ಕ. ಯಾವ ಖಾತೆ ಎಲ್ಲಿದೆ, ಯಾರ ಹೆಸರು ನಾಮಿನಿ ಎಂದು ಒಂದು ಪುಸ್ತಕದಲ್ಲಿ ಕನ್ನಡದಲ್ಲೇ ಬರೆಸಿಟ್ಟುಕೊಳ್ಳಿರಿ. ನಾಮಿನಿಯಾದವರು ಹಣ ಪಡೆದು ಹಕ್ಕುದಾರರಿಗೆ ಮುಟ್ಟಿಸಬೇಕಾದವರೇ ಹೊರತು ಒಡೆಯರಲ್ಲ. ಆದಕಾರಣ ಇಬ್ಬರು ಸಾಕ್ಷಿಗಳ ಮುಂದೆ ಬರೆದ ಉಯಿಲು ಬೇರೆಯೇ ಬೇಕು. ಮಕ್ಕಳ ಹೆಸರಿಗೆ ಮನೆಯನ್ನು ದಾನಪತ್ರ ಮಾಡಿಕೊಡುವ ಆತುರವೂ ಬೇಡ. ಕೊಡಲೇಬೇಕಾದರೆ, ನಮ್ಮನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತು ಆ ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಂತೆ ದಾನವನ್ನು ರದ್ದು ಮಾಡಿಸಲು ಆ ಷರತ್ತೇ ಮುಖ್ಯ ಆಧಾರ. ಮಕ್ಕಳ ಮೇಲೆ ಸಂಶಯವೆ ಎಂದು ಕೇಳಬಹುದು. ಮಕ್ಕಳು ಒಳ್ಳೆಯವರಾದರೆ ಆ ಸಾಲಿನಿಂದ ಅವರಿಗೆ ನಷ್ಟವೇನು?

ಆರೋಗ್ಯದ ಉಪದೇಶವನ್ನು ಡಾಕ್ಟರರು ದಿನಾಲೂ ಮಾಡುತ್ತಾರೆ. ನಾವು ಚುಟುಕಾಗಿ ಮುಗಿಸುತ್ತೇವೆ. ತಿರುವನಂತಪುರದವರಿಗೆ ಮ್ಯೂಸಿಯಂ ಆವರಣ, ಕೊಚ್ಚಿಯವರಿಗೆ ಮರೀನ್ ಡ್ರೈವ್ ಇರುವಾಗ ನಡೆಯಲು ಜಾಗವಿಲ್ಲವೆಂದು ಹೇಳುವಂತಿಲ್ಲ. ಉಪ್ಪಿನಕಾಯಿ, ಹಪ್ಪಳ ರಕ್ತದೊತ್ತಡದವರಿಗೆ ಬೇಡ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿರಿ. ಅದು ಸೊಂಟದ ಶಸ್ತ್ರಚಿಕಿತ್ಸೆಗಿಂತ ಬಹಳ ಅಗ್ಗ. ಆರೋಗ್ಯ ವಿಮೆಯನ್ನು ನಲವತ್ತೈದು, ಐವತ್ತರಲ್ಲೇ ಮಾಡಿಸಿರಿ. ಮೊದಲಿನಿಂದ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದೆಂದು 2024ರ ನಿಯಮ ಹೇಳುತ್ತದೆ. ಕಾಯಿಲೆ ಬಂದ ಮೇಲೆ ಮಾಡಿಸುವುದು ಬಾಯಾರಿದಾಗ ಬಾವಿ ತೋಡಿದ ಹಾಗೆ.

ಕೊನೆಯದಾಗಿ ಹೇಳಬೇಕಾದದ್ದು, ನಮ್ಮನ್ನು ಬಹಳವಾಗಿ ಕಾಡುವ ಸಂಗತಿ. ಮರೆವಿನ ರೋಗ ಬಂದ ಮುದುಕರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಮಾಸಿ, ತಾಯ್ನುಡಿ ಕೊನೆಯವರೆಗೆ ಉಳಿಯುವುದು ಅನೇಕ ವೇಳೆ ಕಂಡುಬಂದಿದೆ. ನಲವತ್ತು ವರ್ಷ ಸೊಗಸಾಗಿ ಮಲಯಾಳ ಮಾತಾಡಿದ ನಮ್ಮ ಅಜ್ಜಿ ಒಂದು ದಿನ ಕನ್ನಡವನ್ನೋ ತುಳುವನ್ನೋ ಮಾತ್ರ ಆಡತೊಡಗುತ್ತಾಳೆ. ಮಗ ದೂರದೇಶದಲ್ಲಿ. ಪಕ್ಕದಲ್ಲಿರುವ ದಾದಿ ಮಮತೆಯುಳ್ಳವಳೇ, ಆದರೆ ಅಜ್ಜಿ ನೀರು ಕೇಳುತ್ತಿದ್ದಾಳೋ ನೋವೆನ್ನುತ್ತಿದ್ದಾಳೋ ಅವಳಿಗೆ ತಿಳಿಯದು. ಈ ರೋಗಿಗಳಿಗಾಗಿ ಶ್ರಮಿಸುವ ಅಲ್ಝೈಮರ್ಸ್ ಸಂಸ್ಥೆ 1992ರಲ್ಲಿ ಹುಟ್ಟಿದ್ದೇ ಕೇರಳದಲ್ಲಿ. ಅವರಿಂದ ಸಲಹೆ ಸಿಕ್ಕೀತು, ಕನ್ನಡ ಸಿಕ್ಕಲಾರದು. ಅದನ್ನು ನಾವೇ ಒದಗಿಸಬೇಕು. ವರ್ಷಕ್ಕೊಂದು ನಾಟಕ ಆಡಿಸುವ ಸಂಘ ವಾರಕ್ಕೊಬ್ಬರನ್ನು ಇಂಥ ಮನೆಗೆ ಕಳಿಸಲಾರದೆ? ನೀರು, ನೋವು, ಚಳಿ, ಬಚ್ಚಲು ಎಂಬಂಥ ಮೂವತ್ತು ನಲವತ್ತು ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದು ದಾದಿಯ ಕೈಗೆ ಕೊಟ್ಟರೂ ಎಷ್ಟೋ ಉಪಕಾರ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟ್‌ಪುಸ್ತಕ ಇಟ್ಟಿದೆ. ಒಂಟಿಯಾಗಿರುವ ಹಿರಿಯರು, ಗಂಡಹೆಂಡಿರಿಬ್ಬರೇ ಇರುವವರು, ತಮ್ಮ ವಿಳಾಸ, ಟೆಲಿಫೋನು, ಮನೆಯಲ್ಲಾಡುವ ಮಾತು ಯಾವುದೆಂಬುದನ್ನು ಅದರಲ್ಲಿ ಬರೆಯಬೇಕೆಂದು ಪ್ರಾರ್ಥನೆ. ಹೋಗಿಬರಲು ಸಿದ್ಧರಿರುವ ತರುಣರಿಗೆ ಹಿಂದಿನ ಪುಟಗಳನ್ನು ಬಿಟ್ಟಿದೆ. ಅಕ್ಷರ ಸ್ವಲ್ಪ ದಪ್ಪವಾಗಿರಲಿ. ಅದನ್ನು ಓದಬೇಕಾದ ಕಾರ್ಯದರ್ಶಿಗಳಿಗೂ ಈಗ ಕನ್ನಡಕ ಬಂದಿದೆ.