ಹೃದಯ ರೋಗ ಮತ್ತು ಸಿಆರ್‌ಪಿ

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಿದ್ದರು. ರೋಗಾಣುವಿನಿಂದ ತೆಗೆದ ‘ಸಿ’ ಎಂಬ ಅಂಶವನ್ನು ರಕ್ತದ ಸೀರಂಗೆ ಬೆರೆಸಿದರೆ ದ್ರವ ಕದಡಿ ತಳದಲ್ಲಿ ಗಸಿ ಕೂರುತ್ತಿತ್ತು. ರೋಗಿ ಚೇತರಿಸಿಕೊಂಡ ಮೇಲೆ ಗಸಿ ಮಾಯ! ಇದಕ್ಕೆ ಕಾರಣವಾದ ವಸ್ತುವೇ ಸಿ-ರಿಯಾಕ್ಟಿವ್ ಪ್ರೋಟೀನ್, ಇಂದಿನ ಲ್ಯಾಬ್ ವರದಿಗಳ ಸಿಆರ್‌ಪಿ. ಮೈಯಲ್ಲಿ ಎಲ್ಲೇ ಉರಿಯೂತವಾದರೂ ಯಕೃತ್ತು ಇದನ್ನು ಹೆಚ್ಚಾಗಿ ತಯಾರಿಸುತ್ತದೆ.

ಹೃದಯದ ವೈದ್ಯರು ಇದರತ್ತ ತಿರುಗಲು ಬಹಳ ಕಾಲ ಹಿಡಿಯಿತು. ರಕ್ತನಾಳದ ಗೋಡೆಯಲ್ಲಿ ಉರಿಯೂತವಿದೆಯೆಂದು ಜರ್ಮನಿಯ ರುಡಾಲ್ಫ್ ವಿರ್ಖೋ 19ನೇ ಶತಮಾನದಲ್ಲೇ ಹೇಳಿದ್ದ. ಆದರೆ 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಅವುಗಳ ರಕ್ತನಾಳದಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದ. ಮುಂದೆ ಕೊಲೆಸ್ಟರಾಲಿನದೇ ಮಾತಾಯಿತು.

ತಿರುವು ಬಂದದ್ದು 1990ರ ದಶಕದಲ್ಲಿ. ಅಸ್ಥಿರ ಎದೆನೋವಿನ ರೋಗಿಗಳಲ್ಲಿ ಸಿಆರ್‌ಪಿ ಹೆಚ್ಚಿದ್ದವರಿಗೆ ಮುಂದೆ ತೊಂದರೆಯೂ ಹೆಚ್ಚೆಂದು 1994ರಲ್ಲಿ ರೋಮ್‌ನ ತಂಡ ಕಂಡುಕೊಂಡಿತು. 1997ರಲ್ಲಿ ಬಾಸ್ಟನ್ನಿನ ಪಾಲ್ ರಿಡ್ಕರ್ ತಂಡ ಆರೋಗ್ಯವಂತ ಗಂಡಸರಿಂದ ಹಿಂದೆಯೇ ತೆಗೆದಿಟ್ಟಿದ್ದ ರಕ್ತವನ್ನು ಪರೀಕ್ಷಿಸಿತು. ಸಿಆರ್‌ಪಿ ಅತಿ ಹೆಚ್ಚಿದ್ದ ಕಾಲುಭಾಗದವರಿಗೆ, ಅತಿ ಕಡಿಮೆಯಿದ್ದವರಿಗಿಂತ, ಹೃದಯಾಘಾತದ ಅಪಾಯ ಸುಮಾರು ಮೂರು ಪಟ್ಟಿತ್ತು. 2003ರಲ್ಲಿ ಅಮೆರಿಕದಲ್ಲಿ ಮಿತಿಗಳೂ ನಿಗದಿಯಾದವು: ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. ನೆಗಡಿ, ಹಲ್ಲುನೋವು ಬಂದರೂ ಅಂಕಿ ಏರುವುದರಿಂದ ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ.

ರಕ್ತನಾಳ ಎಷ್ಟು ಕಟ್ಟಿಕೊಂಡಿದೆ ಎಂಬುದನ್ನೂ ಈ ಅಂಕಿ ಹೇಳೀತೇ? ಆಂಜಿಯೋಗ್ರಾಮಿನಲ್ಲಿ ಕಂಡ ಅಡಚಣೆಗಳನ್ನು ಅಂಕಗಳಲ್ಲಿ ಅಳೆಯುವ ಜೆನ್ಸಿನಿ ಪದ್ಧತಿ 1983ರಿಂದಲೂ ಬಳಕೆಯಲ್ಲಿದೆ. ಅದರೊಂದಿಗೆ ಸಿಆರ್‌ಪಿಯನ್ನೂ, ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಸಿಗುವ ಉರಿಯೂತದ ಇನ್ನೊಂದು ಸೂಚಕವಾದ ನ್ಯೂಟ್ರೋಫಿಲ್–ಲಿಂಫೋಸೈಟ್ ಅನುಪಾತವನ್ನೂ ಹೋಲಿಸಿದ ಅಧ್ಯಯನಗಳು ಹಲವು. ನಂಟು ಸಿಗುತ್ತದೆ, ಆದರೆ ಬಿಗಿಯಾಗಿಲ್ಲ. ಹಳೆಯ ಕೊಬ್ಬಿನ ಕಟ್ಟು ಸುಣ್ಣಗಟ್ಟಿ ಗಟ್ಟಿಯಾಗಿ, ನಾಳವನ್ನು ಬಹುಪಾಲು ಮುಚ್ಚಿಯೂ ತಣ್ಣಗಿರಬಹುದು. ಚಿಕ್ಕದೊಂದು ಕಟ್ಟು ಉರಿಯೂತದಿಂದ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಎರವಾಗಬಹುದು. ಅಡಚಣೆಯ ಅಳತೆಗೆ ಆಂಜಿಯೋಗ್ರಾಮೇ ಬೇಕು.

ಉರಿಯೂತ ತಗ್ಗಿಸಿದರೆ ಹೃದಯಕ್ಕೆ ಲಾಭವೇ ಎಂಬುದಕ್ಕೆ ಉತ್ತರ 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಸಿಕ್ಕಿತು. ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಕ್ಯಾನಕಿನುಮ್ಯಾಬ್ ಔಷಧಿ, ಕೊಲೆಸ್ಟರಾಲನ್ನು ಇಳಿಸದೆಯೇ, ಮುಂದಿನ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳನ್ನು ಒಟ್ಟಾರೆ ಸುಮಾರು ಶೇ. 15ರಷ್ಟು ತಗ್ಗಿಸಿತು. ಮಾರಕ ಸೋಂಕುಗಳು ಮಾತ್ರ ಹೆಚ್ಚಿದವು. ಹೃದಯಾಘಾತ ತಡೆಯಲು ಉರಿಯೂತ ತಗ್ಗಿಸುವ ಔಷಧಿಯಾಗಿ 2023ರಲ್ಲಿ ಅಮೆರಿಕ ಒಪ್ಪಿದ್ದು ಗೌಟ್ ರೋಗದ ಹಳೆಯ, ಅಗ್ಗದ ಔಷಧಿ ಕೊಲ್ಚಿಸಿನ್ ಅನ್ನು, ದಿನಕ್ಕೆ ಅರ್ಧ ಮಿಲಿಗ್ರಾಮಿನ ಪ್ರಮಾಣದಲ್ಲಿ.