ಹರೆಯದವರಲ್ಲಿ ಕ್ಯಾನ್ಸರ್ ಮರಣ

ಕ್ಯಾನ್ಸರ್ ವೃದ್ಧಾಪ್ಯದ ಕಾಯಿಲೆಯೆಂಬುದು ಜನಸಾಮಾನ್ಯರ ತಿಳಿವಳಿಕೆ. ಬಹುಮಟ್ಟಿಗೆ ಅದು ನಿಜವೂ ಹೌದು. 15ರಿಂದ 39 ವರ್ಷ ವಯಸ್ಸಿನವರಲ್ಲಿ ಈ ರೋಗ ವಿರಳ. ಭಾರತದಲ್ಲಿ ತರುಣರ ಸಾವುಗಳಲ್ಲಿ ರಸ್ತೆ ಅಪಘಾತ ಮತ್ತು ಆತ್ಮಹತ್ಯೆಗಳದೇ ದೊಡ್ಡ ಪಾಲು. ಆದರೆ ಈ ವಿರಳತೆಯೇ ಕೆಲವರ ಪಾಲಿಗೆ ಮುಳುವಾಗುತ್ತದೆ. ರೋಗಿಯಾಗಲಿ, ಮನೆಯವರಾಗಲಿ, ಎಷ್ಟೋ ವೇಳೆ ವೈದ್ಯರೇ ಆಗಲಿ ಕ್ಯಾನ್ಸರನ್ನು ಶಂಕಿಸುವುದಿಲ್ಲ.

ಮೂಳೆಯ ಕ್ಯಾನ್ಸರನ್ನೇ ನೋಡಬಹುದು. ಎತ್ತರ ಬೆಳೆಯುವ ವಯಸ್ಸಿನಲ್ಲಿ, ಹೆಚ್ಚಾಗಿ ಮೊಣಕಾಲಿನ ಆಸುಪಾಸಿನಲ್ಲಿ ಇದು ತಲೆದೋರುತ್ತದೆ. ಹುಡುಗ ಆಟದಲ್ಲಿ ಬಿದ್ದನೆಂದು ಭಾವಿಸಿ ಎಣ್ಣೆ ತಿಕ್ಕಿಸುವುದು, ನಾಟಿ ಕಟ್ಟು ಕಟ್ಟಿಸುವುದು ಸಾಮಾನ್ಯ. ಹೀಗೆ ತಿಂಗಳುಗಳೇ ಕಳೆದುಹೋಗುತ್ತವೆ. ರಾತ್ರಿ ಹೆಚ್ಚುವ ನೋವು, ದಿನೇ ದಿನೇ ದೊಡ್ಡದಾಗುವ ಬಾವು ಕೇವಲ ಉಳುಕಿನ ಲಕ್ಷಣವಲ್ಲ. ಅಂಥ ಕಾಲನ್ನು ತಿಕ್ಕದೆ ಮೊದಲು ಎಕ್ಸ್-ರೇ ತೆಗೆಸಬೇಕು. 1970ರ ದಶಕಕ್ಕೆ ಮುಂಚೆ ಕಾಲನ್ನೇ ಕತ್ತರಿಸಿದರೂ ಐವರಲ್ಲಿ ನಾಲ್ವರು ಬದುಕುತ್ತಿರಲಿಲ್ಲ. ರೋಗದ ಕಣಗಳು ಅದಾಗಲೇ ಶ್ವಾಸಕೋಶವನ್ನು ಸೇರಿರುತ್ತಿದ್ದವು. ಕೀಮೋಥೆರಪಿ ಬಂದ ಮೇಲೆ, ರೋಗ ಹರಡುವ ಮುನ್ನವೇ ಪತ್ತೆಯಾದವರಲ್ಲಿ ಸುಮಾರು ಮೂವರಲ್ಲಿ ಇಬ್ಬರು ಉಳಿಯುವುದು ಸಾಧ್ಯವಾಗಿದೆ. ಅನೇಕರಿಗೆ ಕಾಲೂ ಉಳಿಯುತ್ತದೆ.

ರಕ್ತದ ಕ್ಯಾನ್ಸರಿನದು ಬೇರೆಯೇ ಕಥೆ. ಹದಿನೇಳರ ಹರೆಯದವನನ್ನು ಮಕ್ಕಳ ವಿಭಾಗಕ್ಕೆ ಸೇರಿಸಬೇಕೆ, ದೊಡ್ಡವರ ವಿಭಾಗಕ್ಕೆ ಸೇರಿಸಬೇಕೆ? ಇದು ಕಚೇರಿಯ ಪ್ರಶ್ನೆಯಂತೆ ಕಂಡೀತು. ಆದರೆ ತೀವ್ರ ಲಿಂಫೋಬ್ಲಾಸ್ಟಿಕ್ ಲುಕೇಮಿಯಾದಲ್ಲಿ ಒಂದೇ ವಯಸ್ಸಿನ ರೋಗಿಗಳ ಪೈಕಿ ಮಕ್ಕಳ ಚಿಕಿತ್ಸಾಕ್ರಮ ಪಡೆದವರೇ ಹೆಚ್ಚು ಸಂಖ್ಯೆಯಲ್ಲಿ ಗುಣಮುಖರಾದುದನ್ನು ಅಮೆರಿಕ, ಫ್ರಾನ್ಸ್ ಮುಂತಾದ ದೇಶಗಳ ವೈದ್ಯರು 2000ದ ದಶಕದಲ್ಲಿ ತೋರಿಸಿಕೊಟ್ಟರು. ಔಷಧಿಗಳು ಹೆಚ್ಚುಕಡಿಮೆ ಅವೇ; ಪ್ರಮಾಣ, ಕ್ರಮ ಮತ್ತು ಪಾಲನೆಯಲ್ಲಿ ವ್ಯತ್ಯಾಸವಿತ್ತು.

ಮರಣ ಪ್ರಮಾಣದ ಲೆಕ್ಕ ಸುಲಭವಲ್ಲ. ಮುಂಬೈಯಲ್ಲಿ 1963ರಲ್ಲಿ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮ 1981ರ ಕೊನೆಯಲ್ಲಿ ಮೊದಲಾದಾಗ ಬೆಂಗಳೂರು, ಮುಂಬೈ, ಚೆನ್ನೈ ಅದರಲ್ಲಿ ಸೇರಿದ್ದವು. ಆದರೆ ಇಂಥ ನೋಂದಣಿ ಎಣಿಸುವುದು ಆಯಾ ನಗರದ ನಿವಾಸಿಗಳನ್ನು ಮಾತ್ರ. ಚಿಕಿತ್ಸೆಗೆಂದು ಮುಂಬೈಗೆ ಬಂದು, ಹಣ ಮುಗಿದು ಹಳ್ಳಿಗೆ ಮರಳಿ ಕಣ್ಮುಚ್ಚಿದ ತರುಣಿ ಆ ನಗರದ ಲೆಕ್ಕಕ್ಕೆ ಸೇರಳು. ದೇಶದ ಬಹುಪಾಲು ಸಾವುಗಳಿಗೆ ವೈದ್ಯರು ದೃಢೀಕರಿಸಿದ ಕಾರಣವೂ ನಮೂದಾಗುವುದಿಲ್ಲ.

ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದರಿಂದಾಗುವ ಸಾವು ಎಲ್ಲಕ್ಕಿಂತ ಸಂಕಟದ್ದು. ಗಂಟು ಕರಗಿತು, ಜ್ವರ ಬಿಟ್ಟಿತು ಎಂದೊಡನೆ ಯುವಕ ಕೆಲಸಕ್ಕೆ ಮರಳುತ್ತಾನೆ. ಹೆಣ್ಣುಮಗಳಾದರೆ ಮದುವೆಯ ಮಾತಿಗೆ ಅಡ್ಡಿಯಾದೀತೆಂದು ರೋಗವನ್ನೇ ಮುಚ್ಚಿಡುತ್ತಾರೆ. ಮುಂದೆ ಮಕ್ಕಳಾಗುವವೋ ಇಲ್ಲವೋ ಎಂಬ ಅಂಜಿಕೆಯುಳ್ಳವರು ಅದನ್ನು ಚಿಕಿತ್ಸೆಗೆ ಮುಂಚೆಯೇ ವೈದ್ಯರಲ್ಲಿ ಕೇಳಬೇಕು. ಯುವಕರ ವೀರ್ಯವನ್ನು ಶೈತ್ಯದಲ್ಲಿ ಕಾಪಿಡುವ ವ್ಯವಸ್ಥೆ ದೊಡ್ಡ ನಗರಗಳಲ್ಲಿದೆ. ವೆಚ್ಚದ ವಿಷಯದಲ್ಲಿ, 2018ರ ಆಯುಷ್ಮಾನ್ ಭಾರತ ಯೋಜನೆಯಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ನೆರವು ದೊರೆಯುತ್ತದೆ. ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗಿಬರುವ ಕ್ಯಾನ್ಸರ್ ರೋಗಿಗೂ, ಜೊತೆಗಿರುವ ಒಬ್ಬರಿಗೂ ಪ್ರಯಾಣ ದರದಲ್ಲಿ ರಿಯಾಯಿತಿಯಿದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಚಿಕಿತ್ಸೆ ನೀಡುವ ಆಸ್ಪತ್ರೆಯಲ್ಲಿಯೇ ಕೇಳಿ ಪಡೆಯಬೇಕು.