ಉಂಡ ಮನೆಯ ಋಣ: ಕರ್ನಲ್ ಓಸ್ಟರನ ಕಥೆ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಊರು ಬಿಟ್ಟು ಬಂದು ಕಾರ್ಖಾನೆಯಲ್ಲೋ ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿಯುವ ನಮಗಂತೂ ಈ ಮಾತೇ ಬಂಡವಾಳ. ನಂಬಿಕೆಯ ಮನುಷ್ಯ ಎಂಬ ಹೆಸರೊಂದಿದ್ದರೆ ಪರಸ್ಥಳದಲ್ಲಿ ಹೇಗೋ ಬದುಕಿಕೊಳ್ಳಬಹುದು. ಆದರೆ ಯಜಮಾನನೇ ಮನೆಗೆ ಬೆಂಕಿ ಇಡಲು ಹೊರಟರೆ ಏನು ಮಾಡಬೇಕು? ಉಂಡವನ ಋಣ ಯಜಮಾನನಿಗೋ, ಮನೆಗೋ? ಈ ಪ್ರಶ್ನೆಯನ್ನು ಪ್ರಾಣವನ್ನೇ ಒತ್ತೆಯಿಟ್ಟು ಎದುರಿಸಿದ ಜರ್ಮನ್ ಸೇನಾಧಿಕಾರಿಯೊಬ್ಬನ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಅವನ ಹೆಸರು ಹಾನ್ಸ್ ಓಸ್ಟರ್.

ಓಸ್ಟರ್ 1887ರಲ್ಲಿ ಡ್ರೆಸ್ಡನ್ ನಗರದಲ್ಲಿ ಹುಟ್ಟಿದನು. ತಂದೆ ಕ್ರೈಸ್ತ ಪಾದ್ರಿ. ಇಪ್ಪತ್ತನೆಯ ವಯಸ್ಸಿಗೆ ಫಿರಂಗಿ ದಳವನ್ನು ಸೇರಿ, ಮೊದಲನೆಯ ಮಹಾಯುದ್ಧದಲ್ಲಿ ಪಶ್ಚಿಮ ರಣರಂಗದಲ್ಲಿ ಹೋರಾಡಿದನು. 1918ರಲ್ಲಿ ಯುದ್ಧ ಸೋತು ಚಕ್ರವರ್ತಿ ಕೈಸರ್ ಸಿಂಹಾಸನ ಬಿಟ್ಟು ಹೋದಾಗ ಓಸ್ಟರನಂಥವರಿಗೆ ತಲೆಯ ಮೇಲಿನ ಸೂರೇ ಹಾರಿಹೋದಂತಾಯಿತು. ಆತ ಪ್ರಜಾಪ್ರಭುತ್ವದ ಭಕ್ತನಲ್ಲ, ಕ್ರಾಂತಿಕಾರಿಯೂ ಅಲ್ಲ. ರಾಜನಿರಬೇಕು, ಧರ್ಮವಿರಬೇಕು, ಸೈನಿಕನ ಮಾತಿಗೆ ಬೆಲೆಯಿರಬೇಕು ಎಂದು ನಂಬಿದ್ದ ಹಳೆಯ ಕಾಲದ ಮನುಷ್ಯ. ಅವನಲ್ಲಿ ಕುಂದುಗಳೂ ಇದ್ದವು. ಪರಸ್ತ್ರೀಯೊಬ್ಬಳ ಸಹವಾಸದ ಕಾರಣ 1932ರಲ್ಲಿ ಸೇನೆಯನ್ನು ಬಿಡಬೇಕಾಯಿತು. ಮರುವರ್ಷ ಸೇನೆಯ ಗುಪ್ತಚರ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಆ ಇಲಾಖೆಯ ಹೆಸರು ಅಬ್ವೆರ್.

ಹಿಟ್ಲರನು ಅಧಿಕಾರಕ್ಕೆ ಬಂದಾಗ ಇಂಥ ರಾಜಪಕ್ಷದ ಅಧಿಕಾರಿಗಳಲ್ಲಿ ಅನೇಕರು ಸಂತೋಷಪಟ್ಟರು. ದೇಶಕ್ಕೆ ಮತ್ತೆ ಬಲ ಬಂತೆಂದುಕೊಂಡರು. ಆದರೆ 1934ರ ಜೂನ್ 30ರಂದು ಹಿಟ್ಲರನು ತನಗೆ ಬೇಡವಾದವರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದನು. ಸತ್ತವರಲ್ಲಿ ಶ್ಲೈಖರ್ ಮತ್ತು ಬ್ರೆಡೋ ಎಂಬ ಇಬ್ಬರು ಸೇನಾ ಜನರಲ್‌ಗಳೂ ಇದ್ದರು. ಸೇನೆ ತುಟಿ ಬಿಚ್ಚಲಿಲ್ಲ. ಬದಲಿಗೆ ಅದೇ ವರ್ಷ ಆಗಸ್ಟಿನಲ್ಲಿ ಪ್ರತಿಯೊಬ್ಬ ಸೈನಿಕನೂ ಹೊಸದೊಂದು ಪ್ರಮಾಣವಚನ ಸ್ವೀಕರಿಸಿದನು. ಅದು ದೇಶದ ಹೆಸರಿನಲ್ಲಿ ಅಲ್ಲ, ಸಂವಿಧಾನದ ಹೆಸರಿನಲ್ಲಿ ಅಲ್ಲ. ಅಡಾಲ್ಫ್ ಹಿಟ್ಲರ್ ಎಂಬ ಒಬ್ಬ ವ್ಯಕ್ತಿಗೆ ವಿಧೇಯನಾಗಿರುವೆನೆಂಬ ಪ್ರಮಾಣ. 1938ರಲ್ಲಿ ಸೇನೆಯ ಮುಖ್ಯಸ್ಥ ಫ್ರಿಚ್‌ನ ಮೇಲೆ ಸುಳ್ಳು ಅಪವಾದ ಹೊರಿಸಿ ಅವನನ್ನು ಹೊರಗೆ ಹಾಕಿದಾಗ ಓಸ್ಟರನ ತಾಳ್ಮೆಯ ಕಟ್ಟೆ ಒಡೆಯಿತು.

ಆ ವರ್ಷದ ಸೆಪ್ಟೆಂಬರಿನಲ್ಲಿ ಹಿಟ್ಲರನು ಚೆಕೊಸ್ಲೊವಾಕಿಯದ ಮೇಲೆ ಬೀಳಲು ಸಿದ್ಧನಾದನು. ಓಸ್ಟರನು ಮನೆಯಿಂದ ಮನೆಗೆ, ಜನರಲ್‌ನಿಂದ ಜನರಲ್‌ಗೆ ಓಡಾಡಿ ಸಂಚು ಹೂಡಿದನು. ಬರ್ಲಿನ್ ಪ್ರದೇಶದ ಸೇನಾಧಿಪತಿ ವಿಟ್ಸ್‌ಲೆಬೆನ್ ಒಪ್ಪಿದನು. ಯುದ್ಧದ ಆಜ್ಞೆ ಹೊರಟ ಕೂಡಲೇ ಹಿಟ್ಲರನನ್ನು ಹಿಡಿಯಬೇಕೆಂದು ಗೊತ್ತಾಯಿತು. ಹಿಡಿದರೆ ಸಾಲದು, ಅಲ್ಲೇ ಮುಗಿಸಬೇಕೆಂಬುದು ಓಸ್ಟರನ ಅಭಿಪ್ರಾಯವಾಗಿತ್ತು. ಆ ಮೇಲೆ ಕೈಸರನ ಮೊಮ್ಮಗನನ್ನು ಗದ್ದುಗೆಗೆ ತರುವ ಮಾತೂ ಸಂಚುಗಾರರಲ್ಲಿತ್ತು. ಆದರೆ ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್‌ನಲ್ಲಿ ಬ್ರಿಟನ್ನೂ ಫ್ರಾನ್ಸೂ ಹಿಟ್ಲರನು ಕೇಳಿದ್ದನ್ನು ಕೊಟ್ಟು ಕೈತೊಳೆದುಕೊಂಡವು. ಯುದ್ಧವಿಲ್ಲದೆ ಗೆದ್ದು ಬಂದವನನ್ನು ಯಾರು ಹಿಡಿದಾರು? ಸಂಚು ಮುರಿದು ಬಿತ್ತು.

ಒಂದು ವರ್ಷಕ್ಕೆ ಯುದ್ಧ ಬಂದೇ ಬಂತು. ಪೋಲೆಂಡ್ ಮುಗಿದ ಮೇಲೆ ಹಿಟ್ಲರನ ಕಣ್ಣು ಪಶ್ಚಿಮಕ್ಕೆ ತಿರುಗಿತು. ಯಾರ ಗೊಡವೆಗೂ ಹೋಗದೆ ತಟಸ್ಥವಾಗಿದ್ದ ಹಾಲೆಂಡ್ ಮತ್ತು ಬೆಲ್ಜಿಯಂಗಳನ್ನು ತುಳಿದು ಫ್ರಾನ್ಸಿಗೆ ನುಗ್ಗುವ ಯೋಜನೆ ತಯಾರಾಯಿತು. ಬರ್ಲಿನ್ನಿನ ಡಚ್ ರಾಯಭಾರ ಕಚೇರಿಯಲ್ಲಿದ್ದ ಮೇಜರ್ ಸಾಸ್ ಎಂಬ ಸೇನಾ ಪ್ರತಿನಿಧಿ ಓಸ್ಟರನ ಸ್ನೇಹಿತ. 1939ರ ನವೆಂಬರಿನಲ್ಲಿ ಓಸ್ಟರನು ಅವನಿಗೆ ದಾಳಿಯ ತಾರೀಖನ್ನೇ ಹೇಳಿಬಿಟ್ಟನು: ಅದೇ ತಿಂಗಳ 12.

ಈ ಹೆಜ್ಜೆಯ ಭಾರವನ್ನು ಸ್ವಲ್ಪ ಯೋಚಿಸಿ. ಒಳಗೊಳಗೆ ಸಂಚು ಮಾಡುವುದು ಒಂದು, ದಾಳಿಗೆ ಗುರಿಯಾದ ದೇಶಕ್ಕೆ ಗುಟ್ಟು ಕೊಡುವುದು ಇನ್ನೊಂದು. ಎದುರಿನವರು ಎಚ್ಚರವಾಗಿದ್ದರೆ ಸಾಯುವವರು ತನ್ನ ದೇಶದ ಹುಡುಗರೇ. ಓಸ್ಟರನ ಸ್ವಂತ ಮಗನೇ ಆ ಸೇನೆಯಲ್ಲಿ ಅಧಿಕಾರಿಯಾಗಿದ್ದನು. ಇದೆಲ್ಲ ಅವನಿಗೆ ತಿಳಿಯದ್ದಲ್ಲ. ಮೊದಲ ಏಟಿನಲ್ಲೇ ದಾಳಿ ಸೋತರೆ ಜನರಲ್‌ಗಳಿಗೆ ಹಿಟ್ಲರನನ್ನು ಕೆಳಗಿಳಿಸುವ ಧೈರ್ಯ ಬಂದೀತು, ವರ್ಷಗಟ್ಟಲೆ ನಡೆಯುವ ದೊಡ್ಡ ನರಮೇಧ ತಪ್ಪೀತು ಎಂಬುದು ಅವನ ಲೆಕ್ಕ. ಜನ ನನ್ನನ್ನು ದೇಶದ್ರೋಹಿ ಎನ್ನಬಹುದು, ಆದರೆ ಹಿಟ್ಲರನ ಹಿಂದೆ ಓಡುವವರಿಗಿಂತ ನಾನೇ ಒಳ್ಳೆಯ ಜರ್ಮನ್ ಎಂಬ ಅರ್ಥದ ಮಾತನ್ನು ಸಾಸ್‌ನ ಮುಂದೆ ಆಡಿದ್ದನಂತೆ. ಈ ಕೆಲಸಕ್ಕೆ ಅವನು ಒಂದು ಕಾಸನ್ನೂ ಪಡೆಯಲಿಲ್ಲ.

ಮುಂದೆ ನಡೆದದ್ದು ತೋಳ ಬಂತು ತೋಳ ಎಂಬ ಕಥೆಯಂತಾಯಿತು. ಹವೆಯ ಕಾರಣಕ್ಕೋ ಮತ್ತೊಂದಕ್ಕೋ ಹಿಟ್ಲರನು ದಾಳಿಯನ್ನು ಒಟ್ಟು 29 ಸಲ ಮುಂದಕ್ಕೆ ಹಾಕಿದನು. ಓಸ್ಟರನು ಹೊಸ ಹೊಸ ತಾರೀಖು ಹೇಳುತ್ತಲೇ ಹೋದನು. ಸಾಸ್ ತನ್ನ ರಾಜಧಾನಿಗೆ ತಿಳಿಸುತ್ತಲೇ ಹೋದನು. ಅಲ್ಲಿಯವರ ನಂಬಿಕೆ ಇಳಿಯುತ್ತಲೇ ಹೋಯಿತು. 1940ರ ಏಪ್ರಿಲಿನಲ್ಲಿ ಡೆನ್ಮಾರ್ಕ್, ನಾರ್ವೆಗಳ ಮೇಲಿನ ದಾಳಿಯನ್ನೂ ಓಸ್ಟರ್ ಮೊದಲೇ ತಿಳಿಸಿದ್ದನು. ಅದರಿಂದಲೂ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಮೇ 9ರ ಸಂಜೆ ಇಬ್ಬರೂ ಕೂಡಿ ಊಟ ಮಾಡಿದರು. ರಾತ್ರಿ ಓಸ್ಟರನು ಸೇನಾ ಕಚೇರಿಗೆ ಹೋಗಿ ವಿಚಾರಿಸಿ ಬಂದನು. ಆಜ್ಞೆ ಬದಲಾಗಿರಲಿಲ್ಲ. ಸಾಸ್ ಕೂಡಲೇ ಹೇಗ್ ನಗರಕ್ಕೆ ಟೆಲಿಫೋನ್ ಮಾಡಿದನು. ಆ ಬಳಿಕ ಅಲ್ಲಿಂದ ಮೇಲಧಿಕಾರಿಯೊಬ್ಬನು ಮತ್ತೆ ಅವನನ್ನು ಕರೆದು, ಮನೆಯವರ ಶಸ್ತ್ರಚಿಕಿತ್ಸೆಯ ವಿಷಯವೆಂಬಂತೆ ಮರೆಮಾತಿನಲ್ಲಿ, ಎಲ್ಲ ವೈದ್ಯರನ್ನೂ ಕೇಳಿದ್ದೀಯಾ ಎಂದು ಸಂಶಯದಿಂದ ವಿಚಾರಿಸಿದನು. ಬೆಳಗಾಗುವಷ್ಟರಲ್ಲಿ ಜರ್ಮನ್ ವಿಮಾನಗಳು ಹಾಲೆಂಡಿನ ಮೇಲಿದ್ದವು. 14ರಂದು ರಾಟರ್‌ಡ್ಯಾಮ್ ನಗರ ಬಾಂಬಿನಿಂದ ಉರಿಯಿತು. ಮರುದಿನ ಡಚ್ ಸೇನೆ ಶರಣಾಗತಿಗೆ ಸಹಿ ಹಾಕಿತು.

ಓಸ್ಟರ್ ಅಷ್ಟಕ್ಕೆ ನಿಲ್ಲಲಿಲ್ಲ. 1942ರಲ್ಲಿ ಅವನ ಇಲಾಖೆಯ ಡೊಹ್ನಾನಿ ಮೊದಲಾದವರು, ಮುಖ್ಯಸ್ಥ ಕನಾರಿಸನ ಆಶ್ರಯದಲ್ಲಿ, 14 ಮಂದಿಯನ್ನು ಗೂಢಚಾರರೆಂಬ ಸುಳ್ಳು ಲೆಕ್ಕದಲ್ಲಿ ಸ್ವಿಟ್ಜರ್ಲೆಂಡಿಗೆ ದಾಟಿಸಿ ಉಳಿಸಿದರು. ಅವರಲ್ಲಿ ಹೆಚ್ಚಿನವರು ಯೆಹೂದ್ಯರು. ಇದರ ಹಣದ ಜಾಡು ಹಿಡಿದು ಬಂದ ತನಿಖೆಯಲ್ಲೇ 1943ರ ಏಪ್ರಿಲಿನಲ್ಲಿ ಡೊಹ್ನಾನಿ ಸೆರೆಯಾದನು. ಕಾಗದವೊಂದನ್ನು ಮರೆಮಾಡಲು ಹೋದ ಓಸ್ಟರನು ಸಂಶಯಕ್ಕೆ ಸಿಕ್ಕಿ ಕೆಲಸ ಕಳೆದುಕೊಂಡನು. 1944ರ ಜುಲೈ 20ರಂದು ಹಿಟ್ಲರನ ಮೇಲೆ ಬಾಂಬ್ ಪ್ರಯೋಗವಾಯಿತು. ಮರುದಿನವೇ ಓಸ್ಟರನ ಬಂಧನವಾಯಿತು. 1945ರ ಏಪ್ರಿಲ್ 8ರಂದು ಫ್ಲೋಸೆನ್‌ಬ್ಯೂರ್ಗ್ ಶಿಬಿರದಲ್ಲಿ ವಕೀಲನೂ ಇಲ್ಲದ ವಿಚಾರಣೆಯ ನಾಟಕ ನಡೆಯಿತು. 9ರ ಬೆಳಿಗ್ಗೆ ಓಸ್ಟರ್, ಕನಾರಿಸ್, ಪಾದ್ರಿ ಬೋನ್‌ಹೊಫರ್ ಮೊದಲಾದವರನ್ನು ಗಲ್ಲಿಗೇರಿಸಿದರು. ಓಸ್ಟರನಿಗೆ ಆಗ 57 ವರ್ಷ. ಎರಡು ವಾರಕ್ಕೆ ಅಮೆರಿಕದ ಸೇನೆ ಆ ಶಿಬಿರವನ್ನು ಬಿಡಿಸಿತು. ಆ ತಿಂಗಳ ಕೊನೆಗೆ ಹಿಟ್ಲರನೇ ಇರಲಿಲ್ಲ.

ಯುದ್ಧ ಮುಗಿದ ಮೇಲೂ ಅವನ ದೇಶ ಅವನನ್ನು ಬೇಗ ಒಪ್ಪಿಕೊಳ್ಳಲಿಲ್ಲ. ಗಲ್ಲಿನ ತೀರ್ಪು ಕೊಟ್ಟ ನ್ಯಾಯಾಧೀಶನನ್ನು 1956ರಲ್ಲಿ ಪಶ್ಚಿಮ ಜರ್ಮನಿಯ ಉನ್ನತ ನ್ಯಾಯಾಲಯ ನಿರ್ದೋಷಿಯೆಂದು ಬಿಟ್ಟಿತು. ನಾಜಿ ಕಾಲದ ಅನ್ಯಾಯದ ತೀರ್ಪುಗಳನ್ನು ಅಳಿಸುವ ಕಾಯಿದೆ ಬಂದದ್ದು 1998ರಲ್ಲಿ. ಯುದ್ಧಕಾಲದ ದೇಶದ್ರೋಹವೆಂಬ ಅಪರಾಧದ ತೀರ್ಪುಗಳನ್ನೆಲ್ಲ ಒಟ್ಟಾಗಿ ತೊಡೆದದ್ದು 2009ರಲ್ಲಿ. ಸಂಬಳಕ್ಕಾಗಿ ಗುಟ್ಟು ಮಾರುವವನನ್ನೂ, ಪ್ರಾಣ ಕೊಟ್ಟು ಎಚ್ಚರಿಸುವವನನ್ನೂ ಬೇರೆ ಬೇರೆಯಾಗಿ ನೋಡಲು ಅಷ್ಟು ಕಾಲ ಬೇಕಾಯಿತು.

ಮಿತ್ರರೇ, ನಮ್ಮ ಮಹಾಭಾರತದಲ್ಲಿ ಈ ಎರಡು ದಾರಿಯವರೂ ಇದ್ದಾರೆ. ಭೀಷ್ಮ, ದ್ರೋಣರು ಅನ್ನದ ಋಣವೆಂದು ದುರ್ಯೋಧನನ ಪಕ್ಷದಲ್ಲಿ ನಿಂತರು. ವಿದುರನೂ ಹಸ್ತಿನಾವತಿಯ ಅನ್ನವನ್ನೇ ಉಂಡವನು. ಆದರೆ ಅರಗಿನ ಮನೆಯ ಗುಟ್ಟನ್ನು ಮರೆಮಾತಿನಲ್ಲಿ ಧರ್ಮರಾಯನಿಗೆ ತಿಳಿಸಿದನು. ಅವನನ್ನು ದ್ರೋಹಿ ಎಂದು ನಾವು ಯಾರೂ ಕರೆಯುವುದಿಲ್ಲ. ಧರ್ಮರಾಯನು ಕೇಳಿಸಿಕೊಂಡನು, ಪಾಂಡವರು ಉಳಿದರು. ಓಸ್ಟರನ ಮಾತನ್ನು ಕೇಳಬೇಕಾದವರು ಕೇಳಲಿಲ್ಲ, ವ್ಯತ್ಯಾಸ ಅಷ್ಟೇ.

ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆ ಸುಳ್ಳಲ್ಲ. ಅದರಲ್ಲಿ ಮನೆ ಎಂಬ ಮಾತಿದೆ, ಯಜಮಾನ ಎಂಬ ಮಾತಿಲ್ಲ. ರಾಜನನ್ನು ಪೂಜಿಸುತ್ತಿದ್ದ ಒಬ್ಬ ಸಿಪಾಯಿ ಇದನ್ನು ತಿಳಿದುಕೊಂಡಿದ್ದನು.